ಓದುಗರ ಪ್ರಶ್ನೆ, ತಜ್ಞರ ಉತ್ತರ: ಎಲೆಯ ಮೇಲೆ ಹನಿ ಏಕೆ ಕೂರುತ್ತದೆ, ಏಕೆ ಉರುಳುತ್ತದೆ?

ಮುಂಗಾರಿಗೆ ಮೊದಲಿನ ಬೋರ್ಡೋ (ಮೈಲುತುತ್ತ–ಸುಣ್ಣದ ದ್ರಾವಣ) ಸಿಂಪರಣೆಯ ಹೊತ್ತಿಗೆ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರಿಂದ ಹನಿ, ಎಲೆ, ಗಮ್ಮುಗಳ ಬಗ್ಗೆ ಸಾಕಷ್ಟು ಪ್ರಶ್ನೆಗಳು ಬಂದಿವೆ. ಒಂದಕ್ಕೊಂದು ಹೊಂದಿಕೊಂಡಿರುವವನ್ನು ಈ ಸಂಚಿಕೆಗೆ ಆರಿಸಿದ್ದೇವೆ.

ಪ್ರಶ್ನೆ: ಸುರಿಯುವುದು ಒಂದೇ ಮಳೆ. ಕೆಸುವಿನೆಲೆ ಮೇಲೆ ಹನಿ ಉರುಳಿ ಹೋಗುತ್ತದೆ, ಕಾಫಿ ಎಲೆ ಮೇಲೆ ಅಂಟಿ ಕೂರುತ್ತದೆ, ಚೆನ್ನಾಗಿ ತೊಳೆದ ಗಾಜಿನ ಮೇಲೆ ಹರಡಿಬಿಡುತ್ತದೆ. ಇದನ್ನು ಲೆಕ್ಕದಲ್ಲಿ ಹಿಡಿಯುವ ನಿಯಮ ಏನಾದರೂ ಇದೆಯೆ?
— ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಇದೆ. 1805ರಲ್ಲಿ ಇಂಗ್ಲೆಂಡಿನ ಥಾಮಸ್ ಯಂಗ್ ಅದನ್ನು ಸಮೀಕರಣ ಬರೆಯದೆ ಬರೀ ಮಾತಿನಲ್ಲೇ ಹೇಳಿದ. ಹನಿಯ ಅಂಚಿನಲ್ಲಿ ಮೂರು ಮೇಲ್ಮೈಗಳು ಸೇರುತ್ತವೆ: ಎಲೆಗೂ ಗಾಳಿಗೂ ನಡುವಿನದು, ಎಲೆಗೂ ನೀರಿಗೂ ನಡುವಿನದು, ನೀರಿಗೂ ಗಾಳಿಗೂ ನಡುವಿನದು. ಮೂರೂ ತಂತಮ್ಮ ಕಡೆಗೆ ಎಳೆಯುತ್ತವೆ. ಆ ಎಳೆತಗಳು ಸರಿದೂಗಿದಲ್ಲಿ ಅಂಚು ನಿಲ್ಲುತ್ತದೆ. ಅಲ್ಲಿ ಹನಿಯ ಮೈ ಎಲೆಯ ಜೊತೆ ನೀರಿನ ಒಳಗಡೆಯಿಂದ ಮಾಡುವ ಕೋನಕ್ಕೆ ಸ್ಪರ್ಶಕೋನ ಎನ್ನುತ್ತಾರೆ. ಬರೆದರೆ ಹೀಗಾಗುತ್ತದೆ:

ಸ್ಪರ್ಶಕೋನದ ಕೊಸೈನ್ = (ಘನ–ಗಾಳಿ ಎಳೆತ − ಘನ–ನೀರು ಎಳೆತ) ÷ ನೀರು–ಗಾಳಿ ಎಳೆತ

ಕೋನ 90 ಡಿಗ್ರಿಗಿಂತ ಕಡಿಮೆಯಿದ್ದರೆ ಮೇಲ್ಮೈ ನೀರನ್ನು ಒಪ್ಪುತ್ತದೆ, ಹೆಚ್ಚಿದ್ದರೆ ದೂರವಿಡುತ್ತದೆ. ಶುದ್ಧವಾದ ಗಾಜಿನ ಮೇಲೆ ಕೋನ ಸೊನ್ನೆಯ ಹತ್ತಿರಕ್ಕೆ ಬರುತ್ತದೆ, ನುಣುಪಾದ ಮೇಣದ ಮೇಲೆ 105ರಿಂದ 110.

ಈ ಸೂತ್ರದಲ್ಲಿ ನಾವು ನೇರವಾಗಿ ಅಳೆಯಬಲ್ಲದ್ದು ಛೇದವೊಂದೇ. ನೀರಿನ ಮೇಲ್ಮೈ ಎಳೆತ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರಿಗೆ 72 ಮಿಲಿನ್ಯೂಟನ್. ಮೇಲಿನ ಎರಡೂ ಘನದ ಎಳೆತಗಳು, ಅವನ್ನು ಹಾಗೆ ಎಳೆದು ಅಳೆಯಲು ಬರುವುದಿಲ್ಲ. ಆದ್ದರಿಂದ ಯಂಗ್ ಸೂತ್ರದಿಂದ ಕೋನವನ್ನು ಮುಂಚಿತವಾಗಿ ಕಂಡುಹಿಡಿಯುವುದಕ್ಕಿಂತ, ಅಳೆದ ಕೋನದಿಂದ ಆ ಮೇಲ್ಮೈ ಎಂಥದ್ದು ಎಂದು ತಿಳಿಯುವುದೇ ಹೆಚ್ಚು.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ನುಣುಪಾದ ಮೇಲ್ಮೈಗೆ ಎಂಥದೇ ಲೇಪ ಕೊಟ್ಟರೂ, ಫ್ಲೋರಿನ್ ತುಂಬಿದ ಅತ್ಯುತ್ತಮ ಲೇಪವನ್ನೇ ಕೊಟ್ಟರೂ, ನೀರಿನ ಕೋನ ಸುಮಾರು 120 ಡಿಗ್ರಿ ದಾಟುವುದಿಲ್ಲ. ಕೆಸುವಿನೆಲೆಯಲ್ಲಿ ಅದು 150ಕ್ಕಿಂತ ಮೇಲಿರುತ್ತದೆ. ಎಲೆಯ ಮೇಣಕ್ಕೆ ಅಷ್ಟು ಶಕ್ತಿ ಇಲ್ಲ. ಉಳಿದದ್ದು ಬರುವುದು ಎಲೆಯ ಒರಟುತನದಿಂದ. ಮುಂದಿನ ಪ್ರಶ್ನೆ ಅದನ್ನೇ ಕೇಳುತ್ತದೆ.

ಪ್ರಶ್ನೆ: ಒರಟು ಮೇಲ್ಮೈಗೆ ವೆಂಜೆಲ್ ಸೂತ್ರ, ಕ್ಯಾಸಿ–ಬ್ಯಾಕ್ಸ್‌ಟರ್ ಸೂತ್ರ ಎರಡನ್ನೂ ಓದಿದ್ದೇವೆ. ಒಂದೇ ಎಲೆಗೆ ಎರಡೂ ಬೇರೆ ಬೇರೆ ಉತ್ತರ ಕೊಡುತ್ತವೆ. ಯಾವುದನ್ನು ಹಾಕಬೇಕು? ಎರಡೂ ತಪ್ಪು ಎಂದು ವಾದಿಸುವವರೂ ಇದ್ದಾರಂತೆ, ನಿಜವೆ?
— ಭೌತವಿಜ್ಞಾನ ಸ್ನಾತಕೋತ್ತರ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಯಾವ ಸೂತ್ರ ಎನ್ನುವುದಕ್ಕೆ ಮೊದಲು ಹನಿ ಯಾವ ಸ್ಥಿತಿಯಲ್ಲಿದೆ ಎಂದು ಕೇಳಿಕೊಳ್ಳಬೇಕು. ಇದನ್ನು ಬಿಟ್ಟು ಸೂತ್ರಕ್ಕೆ ಅಂಕಿ ತುಂಬುವುದೇ ಪ್ರಾಜೆಕ್ಟ್ ವರದಿಗಳಲ್ಲಿ ಕಾಣುವ ದೊಡ್ಡ ತಪ್ಪು.

ವೆಂಜೆಲ್ 1936ರಲ್ಲಿ ಹೇಳಿದ್ದು, ನೀರು ಒರಟಿನ ಎಲ್ಲ ತಗ್ಗುಗಳನ್ನೂ ತುಂಬಿ ಕೂತಿರುವ ಸ್ಥಿತಿಯ ಬಗ್ಗೆ. ಒರಟು ಮೇಲ್ಮೈಯ ನಿಜವಾದ ವಿಸ್ತೀರ್ಣವನ್ನು ಮೇಲಿನಿಂದ ಕಾಣುವ ವಿಸ್ತೀರ್ಣದಿಂದ ಭಾಗಿಸಿದರೆ ಒರಟು ಅನುಪಾತ ಸಿಗುತ್ತದೆ. ಅದು ಯಾವಾಗಲೂ 1 ಅಥವಾ ಹೆಚ್ಚು. ಕಾಣುವ ಕೋನದ ಕೊಸೈನ್ ಎಂದರೆ ಈ ಅನುಪಾತ ಗುಣಿಸು ಯಂಗ್ ಕೋನದ (ಅದೇ ಮೇಲ್ಮೈ ನುಣುಪಾಗಿದ್ದರೆ ಬರುವ ಕೋನದ) ಕೊಸೈನ್. ಹೀಗಾಗಿ ಒರಟುತನ ಮೇಲ್ಮೈಗೆ ಹೊಸ ಗುಣ ಕೊಡುವುದಿಲ್ಲ, ಇರುವ ಗುಣವನ್ನು ಹೆಚ್ಚಿಸುತ್ತದೆ: ನೀರು ಒಪ್ಪುವುದು ಇನ್ನಷ್ಟು ಒಪ್ಪುತ್ತದೆ, ಒಲ್ಲದ್ದು ಇನ್ನಷ್ಟು ಒಲ್ಲೆನ್ನುತ್ತದೆ.

ಕ್ಯಾಸಿ ಮತ್ತು ಬ್ಯಾಕ್ಸ್‌ಟರ್ 1944ರಲ್ಲಿ ಬಟ್ಟೆ, ಬಾತಿನ ಗರಿಗಳಂಥ ರಂಧ್ರವುಳ್ಳ ಮೇಲ್ಮೈಗಳನ್ನು ತೆಗೆದುಕೊಂಡರು. ಅಲ್ಲಿ ನೀರು ತಗ್ಗಿಗೆ ಇಳಿಯದೆ ಉಬ್ಬುಗಳ ತುದಿಯ ಮೇಲೆ ಕೂರುತ್ತದೆ, ಕೆಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ನೀರು ಮುಟ್ಟುವ ಘನದ ಪಾಲನ್ನು (1 + ಯಂಗ್ ಕೋನದ ಕೊಸೈನ್) ಇಂದ ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಕಾಣುವ ಕೋನದ ಕೊಸೈನ್. ಉಬ್ಬುಗಳ ತಲೆ ಚಪ್ಪಟೆಯಾಗಿದ್ದರೆ ಮಾತ್ರ ಇದು ಹೀಗೇ ನಡೆಯುತ್ತದೆ. ಎಲೆಯ ಮೇಲಿನ ದುಂಡು ಉಬ್ಬುಗಳಿಗೆ, ಒದ್ದೆಯಾದ ಭಾಗದ ಒರಟು ಅನುಪಾತವನ್ನೂ ಸೇರಿಸಬೇಕು.

ಲೆಕ್ಕ ಮಾಡಿ ನೋಡೋಣ. ಮೇಣದ ಯಂಗ್ ಕೋನ 105 ಡಿಗ್ರಿ, ಅದರ ಕೊಸೈನ್ −0.259. ಒರಟು ಅನುಪಾತ 1.5 ಎಂದರೆ ವೆಂಜೆಲ್ ಪ್ರಕಾರ −0.388, ಅಂದರೆ ಸುಮಾರು 113 ಡಿಗ್ರಿ. ಘನದ ಪಾಲು 0.1 ಎಂದರೆ ಕ್ಯಾಸಿ ಪ್ರಕಾರ −0.926, ಅಂದರೆ 158 ಡಿಗ್ರಿ. ಅದೇ ಮೇಣ, ಅದೇ ಉಬ್ಬು, ಆದರೂ 45 ಡಿಗ್ರಿ ವ್ಯತ್ಯಾಸ.

ಹಾಗಾದರೆ ಹನಿಗೆ ಯಾವ ಸ್ಥಿತಿ ಅಗ್ಗ, ಅಂದರೆ ಯಾವುದರಲ್ಲಿ ಶಕ್ತಿ ಕಡಿಮೆ? ಎರಡು ಸೂತ್ರಗಳನ್ನೂ ಸಮ ಮಾಡಿದರೆ ಗಡಿ ಸಿಗುತ್ತದೆ: ಗಡಿಕೋನದ ಕೊಸೈನ್ = (ಘನದ ಪಾಲು − 1) ÷ (ಒರಟು ಅನುಪಾತ − ಘನದ ಪಾಲು). ನಮ್ಮ ಅಂಕಿಗಳಿಗೆ ಅದು −0.643, ಅಂದರೆ 130 ಡಿಗ್ರಿ. ಯಂಗ್ ಕೋನ ಇದಕ್ಕಿಂತ ಹೆಚ್ಚಿದ್ದರೆ ಮಾತ್ರ ಗಾಳಿಯ ಮೇಲೆ ಕೂರುವುದು ಹನಿಗೆ ಲಾಭ. ನಮ್ಮದು 105. ಎಂದರೆ ಈ ಮೇಲ್ಮೈಯಲ್ಲಿ ಗಾಳಿಯ ಮೇಲೆ ಕೂತ ಹನಿ ತಾತ್ಕಾಲಿಕವಾಗಿ ಮಾತ್ರ ಕೂತಿದೆ. ಎತ್ತರದಿಂದ ಬಿದ್ದರೆ, ಬೆರಳಲ್ಲಿ ಒತ್ತಿದರೆ, ಅಥವಾ ಮಂಜು ಬಿದ್ದು ತಗ್ಗುಗಳ ಒಳಗೇ ನೀರು ಹುಟ್ಟಿದರೆ ವೆಂಜೆಲ್ ಸ್ಥಿತಿಗೆ ಇಳಿಯುತ್ತದೆ, ಆಮೇಲೆ ತಾನಾಗಿ ಮೇಲೇಳುವುದಿಲ್ಲ. ಅದೇ ಲೆಕ್ಕದಲ್ಲಿ ಒರಟು ಅನುಪಾತ 3.6 ದಾಟಿದರೆ 105 ಡಿಗ್ರಿಯ ಮೇಣಕ್ಕೂ ಗಾಳಿಯ ಸ್ಥಿತಿ ಸ್ಥಿರವಾಗುತ್ತದೆ. ತಾವರೆ, ಕೆಸುವಿನ ಎಲೆಗಳಲ್ಲಿ ಸಣ್ಣ ಉಬ್ಬಿನ ಮೇಲೆ ಇನ್ನೂ ಸಣ್ಣ ಮೇಣದ ರಚನೆಗಳಿವೆ. ಈ ಎರಡು ಮಟ್ಟದ ಒರಟು ಆ ಅನುಪಾತವನ್ನು ಏರಿಸುತ್ತದೆ. ತಾವರೆ ಎಲೆ ತಾನೇ ಶುಚಿಯಾಗುವುದರ ವಿವರವನ್ನು ಬಾರ್ಥ್‌ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ಪ್ರಕಟಿಸಿದರು.

ಸ್ಥಿತಿ ಪತ್ತೆಗೆ ಉಪಕರಣ ಬೇಡ. ಎಲೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಓರೆಯಾಗಿ ನೋಡಿ. ಬೆಳ್ಳಿಯಂತೆ ಹೊಳೆದರೆ ಗಾಳಿಯ ಪದರ ಇದೆ, ಕ್ಯಾಸಿ ಸ್ಥಿತಿ. ಹೊಳಪು ಅಲ್ಲಲ್ಲಿ ಆರಿದರೆ ಅಲ್ಲಲ್ಲಿ ನೀರು ಒಳಗೆ ಇಳಿದಿದೆ. ಆ ಭಾಗಕ್ಕೆ ಕ್ಯಾಸಿ ಸೂತ್ರ ಹಾಕುವಂತಿಲ್ಲ.

ಇನ್ನು "ಎರಡೂ ತಪ್ಪು" ಎಂಬ ವಾದ. 2007ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ಗಾವೊ ಮತ್ತು ಮೆಕಾರ್ಥಿ ಬೇರೆ ಗುಣದ ಒಂದು ಮಚ್ಚೆಯನ್ನು ಪೂರ್ತಿ ಮುಚ್ಚುವಂತೆ ಹನಿ ಇಟ್ಟು ಅಳೆದರು. ಹನಿಯ ಅಂಚು ಮಚ್ಚೆಯ ಆಚೆ ಹೋದ ಮೇಲೆ ಒಳಗಿನ ಮಚ್ಚೆ ಕೋನವನ್ನು ಬದಲಿಸಲೇ ಇಲ್ಲ. ಕೋನವನ್ನು ನಿರ್ಧರಿಸುವುದು ಅಂಚಿನ ಗೆರೆ, ಹನಿಯ ಅಡಿಯ ಇಡೀ ವಿಸ್ತೀರ್ಣ ಅಲ್ಲ ಎಂಬುದು ಅವರ ತೀರ್ಮಾನ. ನಮ್ಮ ದೃಷ್ಟಿಯಲ್ಲಿ ಇದರಿಂದ ಸೂತ್ರಗಳನ್ನು ಎಸೆಯಬೇಕಾಗಿಲ್ಲ. ಒರಟು ಎಲ್ಲ ಕಡೆ ಒಂದೇ ಥರ ಇದ್ದು, ಹನಿ ಆ ಉಬ್ಬುಗಳಿಗಿಂತ ಎಷ್ಟೋ ಪಟ್ಟು ದೊಡ್ಡದಿದ್ದರೆ ಅಂಚಿನ ಬಳಿಯ ಸರಾಸರಿಯೂ ಒಟ್ಟು ಸರಾಸರಿಯೂ ಒಂದೇ, ಸೂತ್ರ ಸರಿಯಾಗಿ ನಡೆಯುತ್ತದೆ. ಮೇಲ್ಮೈ ತೇಪೆ ತೇಪೆಯಾಗಿದ್ದರೆ ಅನುಪಾತವನ್ನೂ ಪಾಲನ್ನೂ ಅಂಚಿನ ಬಳಿಯೇ ಅಳೆಯಿರಿ. ನಿಮ್ಮ ವರದಿಯಲ್ಲಿ ಒರಟು ಅನುಪಾತವನ್ನು ಯಾವ ಉಪಕರಣದಿಂದ, ಎಷ್ಟು ಸೂಕ್ಷ್ಮವಾಗಿ ಅಳೆದಿರಿ ಎಂದು ಬರೆಯಲೇಬೇಕು. ಸೂಕ್ಷ್ಮತೆ ಹೆಚ್ಚಿದಂತೆ ಅನುಪಾತವೂ ಏರುತ್ತದೆ. ವೆಂಜೆಲ್ ಲೆಕ್ಕದಲ್ಲಿ ಕೊಸೈನ್ 1ಕ್ಕಿಂತ ಹೆಚ್ಚು ಬಂದರೆ ತಪ್ಪು ಮಾಡಿದಿರಿ ಎಂದಲ್ಲ. ಅಲ್ಲಿ ಸೂತ್ರದ ಮಿತಿ ಮುಗಿಯಿತು, ದ್ರವ ಒರಟಿನೊಳಗೆ ಹರಿದು ಪೂರ್ತಿ ಹರಡುತ್ತದೆ ಎಂದು ತಿಳಿಯಿರಿ.

ಪ್ರಶ್ನೆ: ಪ್ರೌಢಶಾಲೆ ಮಕ್ಕಳಿಂದ ಮೊಬೈಲಿನಲ್ಲಿ ಸ್ಪರ್ಶಕೋನ ಅಳೆಸಬಹುದೆ? ಎಷ್ಟು ನಂಬಬಹುದು?
— ವಿಜ್ಞಾನ ಶಿಕ್ಷಕಿ, ಹಾಸನ

ಉತ್ತರ: ಖಂಡಿತ ಅಳೆಸಬಹುದು. 20ರಿಂದ 130 ಡಿಗ್ರಿವರೆಗೆ ಒಳ್ಳೆಯ ಅಂಕಿ ಬರುತ್ತದೆ.

ಎಲೆಯ ನರ ಇಲ್ಲದ ಭಾಗವನ್ನು ಉಗುರಗಲ ಕತ್ತರಿಸಿ, ಎರಡು ಬದಿ ಅಂಟಿರುವ ಟೇಪಿನಿಂದ ಗಾಜಿನ ಸ್ಲೈಡಿಗೆ ಅಂಟಿಸಿ. ಅಂಚು ಹಿಡಿದೇ ಕೆಲಸ ಮಾಡಬೇಕು. ಬೆರಳು ತಾಗಿದರೆ ಮೇಣ ಉಜ್ಜಿಹೋಗುತ್ತದೆ, ಬೆರಳಿನ ಜಿಡ್ಡು ಅಂಟುತ್ತದೆ, ಅಳತೆ ಎಲೆಯದಾಗಿ ಉಳಿಯುವುದಿಲ್ಲ. ಹನಿ ಹಾಕಲು ಇನ್ಸುಲಿನ್ ಸಿರಿಂಜ್ ಸಾಕು. ಅದರ ಮೇಲೆ ಯು-100 ಎಂದಿದ್ದರೆ ಒಂದು ಯೂನಿಟ್ 10 ಮೈಕ್ರೊಲೀಟರ್, ಯು-40 ಎಂದಿದ್ದರೆ 25. ಇದನ್ನು ನೋಡದೆ ಹಾಕಿದರೆ ಹನಿಯ ಗಾತ್ರ ಎರಡೂವರೆ ಪಟ್ಟು ಬದಲಾಗುತ್ತದೆ. ನಮಗೆ ಬೇಕಾದದ್ದು 4–5 ಮೈಕ್ರೊಲೀಟರ್. ಅದಕ್ಕಿಂತ ದೊಡ್ಡದಾದರೆ ಭಾರಕ್ಕೆ ಹನಿಯ ತಲೆ ಚಪ್ಪಟೆಯಾಗುತ್ತದೆ. ನೀರಿಗೆ ಈ ಗಡಿಯ ಅಳತೆಗೋಲು 2.7 ಮಿಲಿಮೀಟರ್, ಹನಿ ಅದಕ್ಕಿಂತ ಸಣ್ಣದಿರಬೇಕು.

ಹನಿಯನ್ನು ಬೀಳಿಸಬೇಡಿ. ಸೂಜಿಯ ತುದಿಯಲ್ಲಿ ತೂಗಾಡುವ ಹನಿಗೆ ಎಲೆಯನ್ನೇ ಕೆಳಗಿನಿಂದ ಎತ್ತಿ ಮುಟ್ಟಿಸಿ. ಕೆಸುವಿನೆಲೆಗೆ ಮುಟ್ಟಿಸಿದರೂ ಹನಿ ಸೂಜಿಯನ್ನು ಬಿಡದಿದ್ದರೆ, ಆ ಎಲೆ ನೀರನ್ನು ಎಷ್ಟು ದೂರವಿಡುತ್ತದೆ ಎನ್ನುವುದಕ್ಕೆ ಅದೇ ಸಾಕ್ಷಿ, ಬರೆದಿಟ್ಟುಕೊಳ್ಳಿ.

ಮೊಬೈಲಿನ ಕ್ಯಾಮೆರಾ ಹನಿಯ ಬುಡದ ಮಟ್ಟದಲ್ಲೇ ಇರಬೇಕು, ಮೇಲಿನಿಂದ ಬಗ್ಗಿ ನೋಡಬಾರದು. ಹನಿಯ ಹಿಂದೆ ಟ್ರೇಸಿಂಗ್ ಪೇಪರ್, ಅದರ ಹಿಂದೆ ದೀಪ. ಹನಿ ಕಪ್ಪಗೆ, ಅಂಚು ಚೂಪಾಗಿ ಬರುತ್ತದೆ. ಚಿತ್ರದಲ್ಲಿ ಹನಿಯ ಎತ್ತರವನ್ನೂ ಬುಡದ ಅಗಲವನ್ನೂ ಅಳೆಯಿರಿ. ಎತ್ತರದ ಎರಡರಷ್ಟನ್ನು ಅಗಲದಿಂದ ಭಾಗಿಸಿ, ಆ ಸಂಖ್ಯೆ ಯಾವ ಕೋನದ ಟ್ಯಾಂಜೆಂಟ್ ಎಂದು ಕಂಡುಕೊಂಡು, ಆ ಕೋನವನ್ನು ಇಮ್ಮಡಿ ಮಾಡಿ. ಎತ್ತರ 1.5 ಮಿ.ಮೀ., ಅಗಲ 2 ಮಿ.ಮೀ. ಎಂದರೆ ಭಾಗಲಬ್ಧ 1.5, ಅದರ ಕೋನ 56.3, ಸ್ಪರ್ಶಕೋನ ಸುಮಾರು 113 ಡಿಗ್ರಿ. ಅಳೆಯಬೇಕಾದದ್ದು ಎರಡರ ಅನುಪಾತ ಮಾತ್ರ, ಆದ್ದರಿಂದ ಚಿತ್ರಕ್ಕೆ ಸ್ಕೇಲ್ ಇಡದಿದ್ದರೂ ನಡೆಯುತ್ತದೆ.

ಕೋನ 150 ದಾಟಿದ ಮೇಲೆ ಈ ವಿಧಾನ ಕೈಕೊಡುತ್ತದೆ. ಬುಡದ ಅಗಲ ತೀರಾ ಕಿರಿದಾಗಿರುತ್ತದೆ, ಬುಡದ ಗೆರೆ ಒಂದೆರಡು ಪಿಕ್ಸೆಲ್ ಆಚೀಚೆ ಆದರೂ ಉತ್ತರ ಹಲವು ಡಿಗ್ರಿ ಜಿಗಿಯುತ್ತದೆ. ಅಲ್ಲಿ ಕೋನದ ಬದಲು, ಸ್ಲೈಡನ್ನು ಎಷ್ಟು ಓರೆ ಮಾಡಿದಾಗ ಹನಿ ಉರುಳಿತು ಎಂದು ಅಳೆಸಿ.

ಒಂದು ಎಲೆಗೆ ಒಂದೇ ಕೋನ ಬರೆಸಬೇಡಿ. ಸೂಜಿಯನ್ನು ಹನಿಯಲ್ಲೇ ಇಟ್ಟು ನಿಧಾನವಾಗಿ ನೀರು ಸೇರಿಸಿದರೆ ಅಂಚು ಮುಂದೆ ಸರಿಯುತ್ತದೆ, ಆಗಿನದು ಮುನ್ನಡೆ ಕೋನ. ನೀರು ಹೀರಿದರೆ ಅಂಚು ಕೆಲಹೊತ್ತು ಕಚ್ಚಿಕೊಂಡು, ಕೋನ ಇಳಿದು, ಆಮೇಲೆ ಹಿಂದೆ ಸರಿಯುತ್ತದೆ, ಆಗಿನದು ಹಿನ್ನಡೆ ಕೋನ. ಸುಮ್ಮನೆ ಇಟ್ಟ ಹನಿ ಈ ಎರಡರ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ಮಕ್ಕಳ ಉತ್ತರಗಳು ಹೊಂದದಿರಲು ಬಹುತೇಕ ಇದೇ ಕಾರಣ.

ಪ್ರಶ್ನೆ: ನೆಟ್ಟಗಿರುವ ಬಸ್ಸಿನ ಕಿಟಕಿ ಗಾಜಿನ ಮೇಲೂ ಸಣ್ಣ ಹನಿಗಳು ಜಾರದೆ ನಿಲ್ಲುತ್ತವಲ್ಲ?
— ಓದುಗರು, ಬೇಲೂರು

ಉತ್ತರ: ಯಂಗ್ ಸೂತ್ರವೊಂದನ್ನೇ ನಂಬಿದರೆ ನಿಲ್ಲಲೇಬಾರದು. ನಿಲ್ಲಿಸುವುದು ಮೇಲೆ ಹೇಳಿದ ಮುನ್ನಡೆ–ಹಿನ್ನಡೆ ಕೋನಗಳ ಅಂತರ. ಜಾರುವ ಹನಿಯ ಕೆಳಗಿನ ಅಂಚು ಮುನ್ನಡೆ ಕೋನ ಮುಟ್ಟಬೇಕು, ಮೇಲಿನ ಅಂಚು ಹಿನ್ನಡೆ ಕೋನಕ್ಕೆ ಇಳಿಯಬೇಕು. ಹಿಡಿದಿಡುವ ಬಲ ಹೆಚ್ಚುಕಡಿಮೆ ಹೀಗೆ: ಹನಿಯ ಅಗಲ × ಮೇಲ್ಮೈ ಎಳೆತ × (ಹಿನ್ನಡೆ ಕೋನದ ಕೊಸೈನ್ − ಮುನ್ನಡೆ ಕೋನದ ಕೊಸೈನ್). ಸಾಧಾರಣ ಕೊಳೆ ಕೂತ ಗಾಜಿಗೆ 60 ಮತ್ತು 30 ಡಿಗ್ರಿ ಎಂದುಕೊಂಡರೆ 3 ಮಿ.ಮೀ. ಅಗಲದ ಹನಿ ಸುಮಾರು 8 ಮಿಲಿಗ್ರಾಂವರೆಗೆ ನೆಟ್ಟಗಿನ ಗಾಜಿನ ಮೇಲೂ ನಿಲ್ಲಬಲ್ಲದು. ಅಷ್ಟು ಅಗಲದ ಹನಿಯ ತೂಕ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯೇ ಇರುತ್ತದೆ. ಎರಡು ಹನಿ ಕೂಡಿದಾಗ ತೂಕ ಏರುವಷ್ಟು ಅಗಲ ಏರುವುದಿಲ್ಲ, ಆಗ ಜಾರುತ್ತದೆ.

ಪ್ರಶ್ನೆ: ಬೋರ್ಡೋ ಸಿಂಪರಣೆಗೆ ಸಿಲಿಕೋನ್ ಸ್ಪ್ರೆಡರ್ ಹಾಕಿ ಎನ್ನುತ್ತಾರೆ, ಕೆಲವರು ರಾಳ–ಸೋಡಾ ಸಾಕು ಎನ್ನುತ್ತಾರೆ. ಇನ್ನು ಕೆಲವರು ಸೋಪಿನ ಪುಡಿಯನ್ನೇ ಹಾಕುತ್ತಾರೆ. ಯಾವುದು ಸರಿ, ಎಷ್ಟು ಹಾಕಬೇಕು?
— ಕಾಫಿ–ಕಾಳುಮೆಣಸು ಬೆಳೆಗಾರರು, ಮೂಡಿಗೆರೆ

ಉತ್ತರ: ಹರಡಿಸುವುದು ಬೇರೆ, ಅಂಟಿಸುವುದು ಬೇರೆ. ಅಂಗಡಿಯಲ್ಲಿ ಎರಡನ್ನೂ "ಗಮ್ಮು" ಎಂದೇ ಕೊಡುವುದರಿಂದ ಗೊಂದಲ.

ಹರಡಿಸುವ ಸ್ಪ್ರೆಡರ್ ನೀರಿನ ಎಳೆತವನ್ನು 72ರಿಂದ ಇಳಿಸುತ್ತದೆ. ಸಾಮಾನ್ಯ ಸ್ಪ್ರೆಡರ್ ಸುಮಾರು 30ಕ್ಕೆ, ಸಿಲಿಕೋನಿನದು 20–22ಕ್ಕೆ ತರುತ್ತದೆ. ಈ ಅಂಕಿಗಳ ಮಹತ್ವ ತಿಳಿಯಲು ಅಮೆರಿಕದ ಜಿಸ್ಮನ್ ಕಂಡುಕೊಂಡ ವಿಷಯ ನೆರವಾಗುತ್ತದೆ: ಪ್ರತಿ ಘನಕ್ಕೂ ಒಂದು ಗಡಿ ಎಳೆತ ಇದೆ, ಅದಕ್ಕಿಂತ ಕಡಿಮೆ ಎಳೆತದ ದ್ರವ ಅದರ ಮೇಲೆ ಪೂರ್ತಿ ಹರಡುತ್ತದೆ. ಪ್ಯಾರಾಫಿನ್ ಮೇಣಕ್ಕೆ ಆ ಗಡಿ ಸುಮಾರು 23. ಸಿಲಿಕೋನ್ ಅದರ ಕೆಳಗೆ ಹೋಗುತ್ತದೆ, ಸಾಮಾನ್ಯ ಸ್ಪ್ರೆಡರ್ ಹೋಗುವುದಿಲ್ಲ. ಹಾಗೆಂದು ಸಾಮಾನ್ಯದ್ದು ಪ್ರಯೋಜನವಿಲ್ಲ ಎಂದಲ್ಲ. ಕೋನ 105ರಿಂದ 45ಕ್ಕೆ ಇಳಿದರೆ ಅದೇ ಹನಿ ಮುಚ್ಚುವ ಜಾಗ ಸುಮಾರು 2.8 ಪಟ್ಟಾಗುತ್ತದೆ. ಕಾಫಿ ಎಲೆಗೆ ಅಷ್ಟು ಸಾಕು.

ಸಿಲಿಕೋನ್ ಸ್ಪ್ರೆಡರುಗಳು ತಟಸ್ಥಕ್ಕೆ ಹತ್ತಿರದ ನೀರಿನಲ್ಲಿ ಮಾತ್ರ ಬಾಳುತ್ತವೆ. ಆಮ್ಲದಲ್ಲೂ ಕ್ಷಾರದಲ್ಲೂ ಒಡೆದುಹೋಗುತ್ತವೆ. ಸುಣ್ಣ ಮುಂದಾದ ಬೋರ್ಡೋ ಕ್ಷಾರ. ಡ್ರಮ್ಮಿಗೆ ಬೆಳಿಗ್ಗೆ ಹಾಕಿ ಮಧ್ಯಾಹ್ನ ಹೊಡೆದರೆ ದುಡ್ಡು ದಂಡ. ಸೋಪಿನದು ಇನ್ನೊಂದು ತೊಂದರೆ: ಸುಣ್ಣದ ಕ್ಯಾಲ್ಸಿಯಂ ಜೊತೆ ಸೇರಿ ಮಾಮೂಲಿ ಸೋಪು ಗರಣೆಗಟ್ಟುತ್ತದೆ, ನಾಜಲ್ ಕಟ್ಟುತ್ತದೆ. ರಾಳ–ಸೋಡಾ ಅಂಟಿಸುವ ಕೆಲಸಕ್ಕೆ. ಅಡಿಕೆ ಕೊಳೆರೋಗದ ಸಿಂಪರಣೆಯಲ್ಲಿ ಅದನ್ನು ಬಳಸುವುದು ಮಳೆಗೆ ತಾಮ್ರ ತೊಳೆದುಹೋಗದಿರಲಿ ಎಂದೇ. ಎಲೆಯ ಮೇಲೆ ಹೆಚ್ಚು ಹರಡಲಿ ಎಂಬ ನಿರೀಕ್ಷೆ ಅದರಿಂದ ಬೇಡ.

ಪ್ರಮಾಣವನ್ನು ನಿಮ್ಮ ನೀರು, ನಿಮ್ಮ ಎಲೆಯ ಮೇಲೇ ನೋಡಿಕೊಳ್ಳಿ. ಐದು ಬಾಟಲಿಗಳಲ್ಲಿ ತಲಾ ಒಂದು ಲೀಟರ್ ತಯಾರಾದ ದ್ರಾವಣ ತೆಗೆದುಕೊಂಡು 0, 0.25, 0.5, 1, 2 ಮಿಲಿಲೀಟರ್ ಸ್ಪ್ರೆಡರ್ ಬೆರೆಸಿ. ಪ್ರತಿಯೊಂದರಿಂದ ಯು-100 ಸಿರಿಂಜಿನ ಒಂದು ಯೂನಿಟ್ ಹನಿಯನ್ನು ಎಲೆಯ ಅಡಿಭಾಗಕ್ಕೆ ಇಟ್ಟು, ಒಂದು ನಿಮಿಷದ ಮೇಲೆ ಅಗಲ ಅಳೆಯಿರಿ. ಅಗಲ ಎಲ್ಲಿಗೆ ಹೆಚ್ಚುವುದು ನಿಂತಿತೋ ಅದೇ ನಿಮ್ಮ ಪ್ರಮಾಣ, ಲೇಬಲ್ಲಿನ ಮಿತಿಯೊಳಗಿದ್ದರೆ. ಅದಕ್ಕಿಂತ ಹೆಚ್ಚು ಸುರಿದರೆ ಎಳೆತ ಇನ್ನು ಇಳಿಯುವುದಿಲ್ಲ, ಹೆಚ್ಚಾದ ಸ್ಪ್ರೆಡರ್ ನೀರಿನೊಳಗೇ ಗುಂಪುಗೂಡುತ್ತದೆ ಅಷ್ಟೆ. ಮೇಲಾಗಿ ದ್ರಾವಣ ತೆಳ್ಳಗೆ ಹರಿದು ಎಲೆಯಿಂದ ನೆಲಕ್ಕಿಳಿಯುತ್ತದೆ.

ಅಡಿಭಾಗ ಎಂದದ್ದಕ್ಕೆ ಕಾರಣವಿದೆ. ಕಾಫಿಯ ತುಕ್ಕು ರೋಗದ ಬೀಜಾಣು ಒಳಹೊಗುವುದು ಎಲೆಯ ಕೆಳಮೈಯ ಪತ್ರರಂಧ್ರಗಳಿಂದ. ಮೇಲ್ಮೈಯಲ್ಲಿ ಎಷ್ಟೇ ಚೆನ್ನಾಗಿ ಹರಡಿದರೂ ಕೆಳಗೆ ಬೀಳದಿದ್ದರೆ ಕೆಲಸವಾಗದು. ನಾಜಲ್ ಮೇಲ್ಮುಖವಾಗಿರಲಿ.

ಬೋರ್ಡೋ ಸರಿಯಿಲ್ಲದಿದ್ದರೆ ಯಾವ ಸ್ಪ್ರೆಡರೂ ಕಾಪಾಡದು. ಕಾಫಿಗೆ ಶೇ. 0.5, ಮೆಣಸಿಗೆ ಶೇ. 1. ಶೇ. 1ಕ್ಕೆ ಒಂದು ಕಿಲೋ ಮೈಲುತುತ್ತ 50 ಲೀಟರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ತುತ್ತದ ನೀರನ್ನು ಸುಣ್ಣದ ತಿಳಿಹಾಲಿಗೆ ಕಲಕುತ್ತಾ ಸುರಿಯಬೇಕು, ಸುಣ್ಣವನ್ನು ತುತ್ತಕ್ಕಲ್ಲ. ಉಜ್ಜಿದ ಕಬ್ಬಿಣದ ಕತ್ತಿಯನ್ನು ಅದ್ದಿದಾಗ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು. ಅದೇ ದಿನ ಹೊಡೆದು ಮುಗಿಸಿ.

ಪ್ರಶ್ನೆ: ಬೋರ್ಡೋ ಒಣಗಿದ ಮೇಲೆ ನೀಲಿ ಕಲೆ ಉಂಗುರದಂತೆ ಕಾಣುತ್ತದೆ, ನಡುವೆ ಖಾಲಿ. ಮದ್ದು ಸರಿಯಾಗಿ ಬೆರೆತಿಲ್ಲವೆ?
— ಕೊಪ್ಪ

ಉತ್ತರ: ಬೆರೆತಿರಬಹುದು. ಇದು ಹನಿ ಒಣಗುವ ರೀತಿಯಿಂದ ಆಗುವುದು, ಟೇಬಲ್ಲಿನ ಮೇಲೆ ಚೆಲ್ಲಿದ ಕಾಫಿಯ ಕಲೆಗೂ ಇದೇ ಕಾರಣ. 1997ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಡೀಗನ್ ಮತ್ತು ಸಂಗಡಿಗರು ವಿವರಿಸಿದಂತೆ, ಹನಿಯ ಅಂಚು ಎಲೆಗೆ ಕಚ್ಚಿಕೊಂಡಿದ್ದು ಹಿಂದೆ ಸರಿಯುವುದಿಲ್ಲ. ನೀರು ಬೇಗ ಆರುವುದು ಅಂಚಿನಲ್ಲೇ. ಆರಿದ್ದನ್ನು ತುಂಬಲು ನಡುವಿನಿಂದ ಅಂಚಿಗೆ ನೀರು ಹರಿಯುತ್ತದೆ, ತೇಲುವ ಕಣಗಳನ್ನೂ ಹೊತ್ತೊಯ್ಯುತ್ತದೆ.

ಪರಿಹಾರ, ದೊಡ್ಡ ಹನಿಯ ಬದಲು ಸಣ್ಣ ಹನಿಗಳು. ಉಂಗುರಗಳು ಸಣ್ಣದಾಗಿ ಒತ್ತೊತ್ತಾದರೆ ನಡುವಿನ ಖಾಲಿ ಜಾಗವೂ ಕಿರಿದು. ಸವೆದ ನಾಜಲ್ ಡಿಸ್ಕ್ ಬದಲಿಸಿ, ಒತ್ತಡ ಬಿಡಬೇಡಿ, ಡ್ರಮ್ಮನ್ನು ಕಲಕುತ್ತಲೇ ಇರಿ. ಎಲೆಯಿಂದ ತೊಟ್ಟಿಕ್ಕುವವರೆಗೆ ಹೊಡೆದರೆ ಎಲ್ಲ ತಾಮ್ರ ಎಲೆಯ ಚೂಪು ತುದಿಗೆ ಹೋಗಿ ಸೇರುತ್ತದೆ. ಎಲೆ ತುದಿಯಲ್ಲಿ ದಪ್ಪ ನೀಲಿ, ನಡುವೆ ಏನೂ ಇಲ್ಲದಿದ್ದರೆ ಅದು ಉಂಗುರದ ಸಮಸ್ಯೆ ಅಲ್ಲ, ಹೆಚ್ಚು ಹೊಡೆದದ್ದು.

ಪ್ರಶ್ನೆ: ಫಿಲ್ಟರಿಗೆ ಬಿಸಿನೀರು ಹಾಕಿದರೂ ಪುಡಿ ಕೆಲವೊಮ್ಮೆ ಮೇಲೆ ಒಣಗಿಯೇ ತೇಲುತ್ತದೆ. ಇದಕ್ಕೂ ಸ್ಪರ್ಶಕೋನವೇ ಕಾರಣವೆ?
— ಗೃಹಿಣಿ, ಚಿಕ್ಕಮಗಳೂರು

ಉತ್ತರ: ಹೌದು, ಜೊತೆಗೆ ಗಾಳಿಯೂ. ಕಡುಹುರಿದ ಬೀಜದ ಮೇಲೆ ಎಣ್ಣೆ ಒಸರುತ್ತದೆ, ಅದು ಕೋನ ಏರಿಸುತ್ತದೆ. ಹೊಸದಾಗಿ ಹುರಿದ ಪುಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತಾ ನೀರನ್ನು ಹೊರಗೇ ತಡೆಯುತ್ತದೆ. ಪುಡಿಯ ರಾಶಿಗೆ 90 ಡಿಗ್ರಿಯ ನಿಯಮ ಸಾಲದು. ಒತ್ತಾಗಿ ಜೋಡಿಸಿದ ದುಂಡು ಕಣಗಳ ನಡುವೆ ನೀರು ತಾನಾಗಿ ನುಗ್ಗಬೇಕಾದರೆ ಕೋನ ಸುಮಾರು 50ಕ್ಕಿಂತ ಕಡಿಮೆ ಇರಬೇಕು, ಕಣಗಳ ಸಂದು ಹಿಗ್ಗಿ ಕುಗ್ಗುವುದರಿಂದ.

ಬಿಸಿ ನೆರವಾಗುವುದು ಎಳೆತ ಇಳಿಸುವುದರಿಂದಲ್ಲ. ವಾಶ್‌ಬರ್ನ್ 1921ರಲ್ಲಿ ತೋರಿಸಿದಂತೆ ನುಗ್ಗಿದ ದೂರದ ವರ್ಗ, ಎಳೆತವನ್ನು ಸ್ನಿಗ್ಧತೆಯಿಂದ (ಹರಿಯಲು ದ್ರವ ಒಡ್ಡುವ ತಡೆಯಿಂದ) ಭಾಗಿಸಿದ್ದಕ್ಕೆ ಅನುಪಾತದಲ್ಲಿರುತ್ತದೆ. 20 ಡಿಗ್ರಿಯಿಂದ 95ಕ್ಕೆ ಏರಿದಾಗ ಎಳೆತ 73ರಿಂದ 60ಕ್ಕೆ ಇಳಿದರೂ ಸ್ನಿಗ್ಧತೆ ಮೂರನೇ ಒಂದಕ್ಕೆ ಕುಸಿಯುತ್ತದೆ. ಕೋನ ಅಷ್ಟೇ ಇದ್ದರೂ ಅಷ್ಟೇ ಹೊತ್ತಿನಲ್ಲಿ ನೀರು ಒಂದೂವರೆ ಪಟ್ಟಿಗಿಂತ ಹೆಚ್ಚು ಆಳಕ್ಕೆ ಹೋಗುತ್ತದೆ.

ಒಮ್ಮೆಲೇ ತುಂಬಬೇಡಿ. ಪುಡಿ ನೆನೆಯುವಷ್ಟೇ ಬಿಸಿನೀರನ್ನು ಸುತ್ತಲೂ ಹಾಕಿ ಅರ್ಧ ನಿಮಿಷ ಬಿಡಿ, ಗುಳ್ಳೆ ಎದ್ದು ಅಡಗಿದ ಮೇಲೆ ಉಳಿದದ್ದನ್ನು ಹಾಕಿ. ಪುಡಿಯನ್ನು ತಟ್ಟೆಯಿಂದ ಹಗುರವಾಗಿ ಸಮ ಮಾಡಿದರೆ ಸಾಕು, ಒತ್ತಿದರೆ ಸಂದು ಮುಚ್ಚಿ ನೀರು ಫಿಲ್ಟರಿನ ಗೋಡೆಯ ಪಕ್ಕದಿಂದಲೇ ದಾರಿ ಮಾಡಿಕೊಂಡು ಇಳಿಯುತ್ತದೆ, ನಡುವಿನ ಪುಡಿ ಒಣಗಿಯೇ ಉಳಿಯುತ್ತದೆ. ಚಿಕೋರಿ ಹೆಚ್ಚಿರುವ ಪುಡಿಯಾದರೆ ಅದು ನೀರು ಹೀರಿ ಉಬ್ಬುವುದರಿಂದ ಡಿಕಾಕ್ಷನ್ ಇಳಿಯುವುದು ನಿಧಾನ. ಅಂಥ ಪುಡಿಯನ್ನು ಒತ್ತಲೇಬೇಡಿ.